ಹಳೆಯ ಟ್ಯೂಬು ಮುಗಿಯಲಿ ಅಂದ ಮಳೆಗಾಲ

ಹೋದ ತಿಂಗಳು ಬಸುರಿ ತಂಗಿಯ ಕುಬಸದ ಕಾರ್ಯಕ್ಕೆಂದು ಕಲ್ಯಾಣದಿಂದ ಹುಮನಾಬಾದಿಗೆ ಹೊರಟಿದ್ದೆ. ಬಸವಕಲ್ಯಾಣವನ್ನು ನಮ್ಮ ಕಡೆ ಯಾರೂ ಪೂರ್ತಿ ಹೆಸರಿನಿಂದ ಕರೆಯುವುದಿಲ್ಲ. ಊರು ಇನ್ನೇನು ಬಂತು ಅನ್ನುವಾಗ ಕಬ್ಬಿನ ಟ್ರ್ಯಾಕ್ಟರೊಂದು ಹೆದ್ದಾರಿಗೆ ಅಡ್ಡವಾಗಿ ಬಸ್ಸು ನಿಂತುಬಿಟ್ಟಿತು. ನಿಂತದ್ದು ಸರಿಯಾಗಿ ಆ ಪೆಟ್ರೋಲ್ ಪಂಪಿನ ಎದುರಿಗೆ. ಕಿಟಕಿಯಿಂದ ವಾಸನೆ ಬಂತು. ಈಗಿನ ಪೆಟ್ರೋಲಿಗೆ ಹಳೆಯದರ ಘಾಟಿನ ಜೊತೆ ತುಸು ಸಿಹಿಯಾದ ಸ್ಪಿರಿಟ್ಟಿನ ವಾಸನೆಯೂ ಇರುತ್ತದೆ, ಅದರ ನಡುವೆ ದುಡಿದವರ ಮೂಗಿಗೆ ಮಾತ್ರ ಅದು ಗೊತ್ತಾಗುತ್ತದೆ. ನಾನು ಯಾವಾಗ ಸೀಟಿನಿಂದ ಎದ್ದೆನೋ ಗೊತ್ತಿಲ್ಲ, ಬಾಗಿಲ ಹತ್ತಿರ ಬಂದಿದ್ದೆ.

“ಅಕ್ಕಾರೆ, ಇಲ್ಲಿ ಸ್ಟಾಪಿಲ್ರಿ. ಎಲ್ಲಿ ಇಳ್ಯಾಕತ್ತೀರಿ?” ಅಂದ ಕಂಡಕ್ಟರ್.

ಎಲ್ಲಿಯೂ ಇಲ್ಲ ಎಂದು ವಾಪಸು ಬಂದು ಕೂತೆ. ಆದರೆ ಹುಮನಾಬಾದ್ ಮುಟ್ಟುವತನಕ ಕೈಕಾಲು ಸುಮ್ಮನಿರಲಿಲ್ಲ. ಪಂಪಿನ ಎದುರು, ರಸ್ತೆಯ ಆಚೆ, ಒಂದು ತಗಡಿನ ಶೆಡ್ಡು ಇರಬೇಕಾಗಿತ್ತು. ಅಲ್ಲಿ ಈಗ ಪ್ಲಾಟು ಮಾರಾಟಕ್ಕಿದೆ ಎಂಬ ದೊಡ್ಡ ಬೋರ್ಡು ನಿಂತಿದೆ.

ಕೆಲವು ವರ್ಷಗಳ ಹಿಂದೆ, ಹೊಸ ಪೆಟ್ರೋಲು ನಮ್ಮ ಭಾಗಕ್ಕೆ ಬಂದ ಮಳೆಗಾಲದಲ್ಲಿ, ನಾನು ಆ ಪಂಪಿನ ಮ್ಯಾನೇಜರ್ ಆಗಿದ್ದೆ. ಕಲ್ಯಾಣದ ಕಾಲೇಜಿನಲ್ಲಿ ಬಿ.ಎಸ್ಸಿ. ಮಾಡಿದವಳು, ಕೆಮಿಸ್ಟ್ರಿಯಲ್ಲಿ ಕಾಲೇಜಿಗೇ ಮೊದಲು. ಟೀಚರ್ ಕೆಲಸ ಸಿಗಲಿಲ್ಲ, ಪಂಪು ಸಿಕ್ಕಿತು. ಮಾಲೀಕ ಶರಣಪ್ಪ ಸಾವ್ಕಾರರು ಮೂಲತಃ ತೊಗರಿ ವ್ಯಾಪಾರದವರು. ಪೆಟ್ರೋಲಿನ ವಿಷಯ ಬಂದರೆ, “ಅದೆಲ್ಲಾ ನಮ್ಮ ಸುಜಾತಾಗ ಕೇಳ್ರಿ, ಆಕಿ ಓದ್ಯಾಳ” ಎಂದು ನನ್ನ ಕಡೆ ಕೈ ತೋರಿಸುತ್ತಿದ್ದರು. ಆ ಮಾತು ಕೇಳಲು ನನಗೆ ಬಹಳ ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ. ಒಂದೇ ಕಡೆ ಕೂಡುವುದು ಮಾತ್ರ ನನ್ನಿಂದ ಆಗುತ್ತಿರಲಿಲ್ಲ. ದಿನಾ ಬೆಳಿಗ್ಗೆ ಕಲ್ಯಾಣದಿಂದ ಹೆದ್ದಾರಿಯ ಬಂಗ್ಲಾ ಕ್ರಾಸಿಗೆ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಪಂಪಿಗೆ, ಸಂಜೆ ಮತ್ತೆ ಅದೇ ಓಟ. ಯಾವ ಕೆಲಸ ಮಾಡುತ್ತಿದ್ದರೂ ಮನಸ್ಸು ಮುಂದಿನ ಬಸ್ಸಿನ ಮೇಲೆ. ಗಾಡಿಗಳಿಗೆ ಪೆಟ್ರೋಲು ಹಾಕುವ ನಾಜಲ್ ಹಿಡಿಯುವವರಲ್ಲಿ ಹಿರಿಯಳಾದ ನಾಗಮ್ಮಕ್ಕ, “ಈ ಹುಡುಗಿ ಕಾಲಾಗ ಚಕ್ರ ಕಟ್ಟ್ಯಾರ” ಎಂದು ನಗುತ್ತಿದ್ದಳು.

ಹೊಸ ಪೆಟ್ರೋಲು ಬರುವ ಮುಂಚೆ ಬೀದರಿನ ಒಂದು ಹೋಟೆಲಿನಲ್ಲಿ ಪಂಪಿನವರಿಗೆಲ್ಲ ಒಂದು ದಿನದ ತರಬೇತಿ ಇಟ್ಟಿದ್ದರು. ಪರದೆಯ ಮೇಲೆ ಹೊಗೆ ತುಂಬಿದ ದೊಡ್ಡ ಊರುಗಳ ಚಿತ್ರ ತೋರಿಸಿದ ಅಧಿಕಾರಿ, ಇನ್ನು ಮುಂದೆ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಇರುತ್ತದೆ, ಅದು ಹೆಚ್ಚು ಚೊಕ್ಕಟವಾಗಿ ಉರಿಯುತ್ತದೆ, ವಿಷದ ಹೊಗೆ ಇಳಿಯುತ್ತದೆ ಎಂದರು. “ಈ ಎಥೆನಾಲ್ ಬರೋದು ನಿಮ್ಮ ಹೊಲದ ಕಬ್ಬಿನಿಂದಲೇ. ದೇಶದ ಗಾಳಿ ಸ್ವಚ್ಛ ಮಾಡೋ ಕೆಲಸದಲ್ಲಿ ನಿಮ್ಮ ಜಿಲ್ಲೆಯೂ ಪಾಲುದಾರ” ಎಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ಜೋರಾಗಿಯೇ ತಟ್ಟಿದೆ. ಊಟದ ನಂತರ ಟ್ಯಾಂಕಿನ ತಪಾಸಣೆಯ ಪಾಠವಿತ್ತು. ದಿನಾ ಮಾಡುವುದೇ ಅಲ್ಲವೇ, ಅದರಲ್ಲಿ ಹೊಸದೇನು ಎಂದು ಹಾಜರಿಗೆ ಸಹಿ ಹಾಕಿ, ಮೂರು ಗಂಟೆಯ ಬಸ್ಸು ಹಿಡಿಯಲು ಎದ್ದು ಬಂದೆ.

ನಾನು ಆ ಪೆಟ್ರೋಲನ್ನು ನಂಬಿದ್ದೆ. ಹೆದ್ದಾರಿಯ ಪಕ್ಕ ದಿನವಿಡೀ ನಿಂತು ನೋಡಿದವರಿಗೆ ಹೊಗೆಯ ಮಾತು ಬರೀ ಮಾತಲ್ಲ. ನಾಗಮ್ಮಕ್ಕ ಸಂಜೆ ಮುಖ ತೊಳೆದು ಸೆರಗಿನಿಂದ ಒರೆಸಿಕೊಂಡರೆ ಸೆರಗು ಕಪ್ಪಾಗುತ್ತಿತ್ತು. ಆಕೆಯ ಕೆಮ್ಮು ಕೇಳಿಯೇ ಆಕೆ ಎಷ್ಟನೇ ನಾಜಲ್ ಹತ್ತಿರ ಇದ್ದಾಳೆಂದು ಹೇಳಬಹುದಾಗಿತ್ತು. ಅದರ ಬಹುಪಾಲು ಲಾರಿಗಳ ಡೀಸೆಲ್ ಹೊಗೆ, ಪೆಟ್ರೋಲು ಬದಲಾದರೆ ಅದು ನಿಲ್ಲುವುದಿಲ್ಲ ಎಂದು ನನಗೂ ಗೊತ್ತಿತ್ತು. ಆದರೂ ಎಲ್ಲಿಂದಲೋ ಒಂದು ಕಡೆಯಿಂದ ಶುರುವಾಯಿತಲ್ಲ ಅನ್ನಿಸಿತ್ತು. ಗಿರಾಕಿಗಳಿಗೆ ಹಾಗನ್ನಿಸಲಿಲ್ಲ. “ಗಾಡಿಗೂ ದಾರೂ ಕುಡಸಾಕತ್ತೀರೇನ್ರಿ?” ಎಂದು ಒಬ್ಬ, “ದಿಲ್ಲಿ ಹೊಗಿಗೆ ನಮ್ಮ ಗಾಡಿ ಮೈಲೇಜ್ ಯಾಕ ಹೋಗ್ಬೇಕು?” ಎಂದು ಇನ್ನೊಬ್ಬ. ನಾನು ನಿಂತು ಎಲ್ಲರಿಗೂ ಪಾಠ ಮಾಡುತ್ತಿದ್ದೆ. ಟೀಚರ್ ಆಗದ ಸಿಟ್ಟೆಲ್ಲ ಅಲ್ಲಿ ತೀರುತ್ತಿತ್ತು.

ಪಂಪಿನಲ್ಲಿ ಬೆಳಗಿನ ಕೆಲಸಕ್ಕೆ ಒಂದು ಕ್ರಮವಿದೆ. ನಾಗಮ್ಮಕ್ಕ ಮೊದಲ ನಾಜಲ್ಲಿಗೆ ವಿಭೂತಿ ಹಚ್ಚಿ ಊದುಬತ್ತಿಯನ್ನು ದೂರದ ಕಚೇರಿಯೊಳಗೆ ಬೆಳಗುವಳು. ನಾನು ಉದ್ದನೆಯ ಹಿತ್ತಾಳೆಯ ಕೋಲಿನ ತುದಿಗೆ ಟ್ಯೂಬಿನಿಂದ ಪೇಸ್ಟ್ ಹಚ್ಚಿ, ನೆಲದೊಳಗಿನ ಟ್ಯಾಂಕಿಗೆ ಇಳಿಸಿ, ಮೇಲೆಳೆದು ನೋಡುವೆ. ತಳದಲ್ಲಿ ನೀರಿದ್ದರೆ ಪೇಸ್ಟಿನ ಬಣ್ಣ ಬದಲಾಗುತ್ತದೆ. ಬದಲಾಗದಿದ್ದರೆ ರಿಜಿಸ್ಟರಿನಲ್ಲಿ “ನೀರು ಇಲ್ಲ” ಎಂದು ಬರೆದು ಸಹಿ. ಹೊಸ ಪೆಟ್ರೋಲಿನ ಜೊತೆಗೆ ಹೊಸ ಪೇಸ್ಟಿನ ಒಂದು ಪೊಟ್ಟಣವೂ ಬಂದಿತ್ತು. ಬಂದ ದಿನ ನೋಡಿದೆ, ಹಳೆಯ ಟ್ಯೂಬುಗಳು ಇನ್ನೂ ಅರ್ಧ ಡಬ್ಬಿ ಇದ್ದವು. ನಮ್ಮವ್ವ ಅಡುಗೆಮನೆಯಲ್ಲಿ ಹಳೆಯ ಚಹಾಪುಡಿ ಮುಗಿಯುವತನಕ ಹೊಸ ಪುಡಿಕೆ ಬಿಚ್ಚಲು ಬಿಡುವವಳಲ್ಲ. ಅದೇ ಕೈ, ಅದೇ ಬುದ್ಧಿ. “ಹಳೇವು ಮುಗೀಲಿ, ಆಮ್ಯಾಲ ಇವು” ಎಂದು ಪೊಟ್ಟಣವನ್ನು ಅಲಮಾರಿಗೆ ಸೇರಿಸಿದೆ. ಸಾವ್ಕಾರರು ಮೆಚ್ಚಿ ತಲೆಯಾಡಿಸಿದರು.

ಆ ವರ್ಷ ಶ್ರಾವಣದಲ್ಲಿ ಮಳೆ ಹಿಡಿದದ್ದು ಬಿಡಲಿಲ್ಲ. ನಮ್ಮ ಕರಿನೆಲ ನೀರು ಕುಡಿದು ಸಾಕಾಗಿ ಕಾರತೊಡಗಿತು. ಪಂಪಿನ ಅಂಗಳದಲ್ಲಿ ಪಾದ ಮುಳುಗುವಷ್ಟು ನೀರು. ಉದ್ದು, ಹೆಸರು ಹೊಲದಲ್ಲೇ ಮೊಳಕೆಯೊಡೆದವೆಂದು ಗಿರಾಕಿಗಳು ಮುಖ ಸಣ್ಣದು ಮಾಡಿಕೊಂಡು ಬರುತ್ತಿದ್ದರು. ಅದೇ ವಾರ ಬೈಕುಗಳು ನಿಲ್ಲತೊಡಗಿದವು. ಪಂಪು ಬಿಟ್ಟು ಸ್ವಲ್ಪ ದೂರ ಹೋಗಿ ಕೆಮ್ಮಿ ನಿಲ್ಲುವವು. ದೂಡಿಕೊಂಡು ಬಂದವರು ಮೊದಲು ಹೋಗುತ್ತಿದ್ದುದು ರಸ್ತೆಯಾಚೆಯ ತಗಡಿನ ಶೆಡ್ಡಿಗೆ.

ಅದು ಸಿದ್ಧಾರ್ಥನ ಗ್ಯಾರೇಜು. ಮುಡಬಿ ಊರಿನ, ಕೂಲಿ ಮಾಡುವ ಬೌದ್ಧ ಮನೆತನದ ಹುಡುಗ, ಮದುವೆಯಾಗಿ ವರ್ಷವಾಗಿತ್ತು. ಆ ಮನೆಯಲ್ಲಿ ಹೊಲದ ಕೂಲಿ ಬಿಟ್ಟು ಸ್ವಂತ ಬೋರ್ಡು ಹಾಕಿದವನು ಅವನೊಬ್ಬನೇ. ಶೆಡ್ಡಿನ ಜಾಗ ನಮ್ಮ ಸಾವ್ಕಾರರದು. ಹೋಗು ಅಂದರೆ ಹೋಗಬೇಕು, ಕಾಗದಪತ್ರ ಏನೂ ಇಲ್ಲ. ಗಾಡಿ ರಿಪೇರಿಯ ಜೊತೆಗೆ ನೀರಿನ ಪೈಪು ಇಟ್ಟುಕೊಂಡು ಗಾಡಿ ತೊಳೆಯುವ ಕೆಲಸವನ್ನೂ ಮಾಡುತ್ತಿದ್ದ. ಬೈಕುಗಳು ನಿಲ್ಲತೊಡಗಿದ ಎರಡನೆಯ ದಿನ ಒಂದು ಪಾರದರ್ಶಕ ಬಾಟಲಿ ಹಿಡಿದು ರಸ್ತೆ ದಾಟಿ ಬಂದ.

“ಮೇಡಂ, ಇದು ಸಾಲಿ ಮಾಸ್ತರ್ ಒಬ್ರ ಗಾಡಿಯ ಪೆಟ್ರೋಲ್ ಟಾಕಿಯಿಂದ ತೆಗ್ದಿದ್ದು. ಕೆಳಗ ನೋಡ್ರಿ, ಬ್ಯಾರೆನೇ ನಿಂತದ. ಒಮ್ಮೆ ನಿಮ್ಮ ಟ್ಯಾಂಕ್ ನೋಡ್ರಲ್ಲ.”

“ಮುಂಜಾನೆ ನೋಡೀನಿ. ನೀರಿಲ್ಲ.”

“ಇನ್ನೊಮ್ಮೆ ನೋಡ್ರಿ. ನಾ ಯಾರ ಮುಂದೂ ಅಂದಿಲ್ಲ.”

ಅವನು ಮೆಲ್ಲಗೆ ಹೇಳಿದ. ನನಗೆ ಮೈ ಉರಿಯಿತು. ದಿನಾ ಕೋಲು ಇಳಿಸುವವಳು ನಾನು, ಓದಿದವಳು ನಾನು, ಇವನು ಬಾಟಲಿ ತಂದು ನನಗೆ ಪಾಠ ಮಾಡುವುದೇ? “ನಿಂದು ನೀ ನೋಡ್ಕೋ” ಎಂದು ಒಳಗೆ ಹೋದೆ.

ಮರುದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಜನ ಗುಂಪಾಗಿ ಬಂದರು. ಮೂವತ್ತು ನಲವತ್ತು ಮಂದಿ ಇರಬಹುದು. ಮುಂದೆ ಆ ಮಾಸ್ತರ್, ಹಿಂದೆ ಬೈಕು ದೂಡಿಕೊಂಡು ಬಂದವರು. ಫೋನಿನಲ್ಲಿ ನೋಡಿದ ವಿಡಿಯೋದಂತೆ ಒಬ್ಬ ಬಾಟಲಿಗೆ ನಮ್ಮ ಪೆಟ್ರೋಲು ಹಾಕಿ, ನೀರು ಬೆರೆಸಿ, ಕುಲುಕಿ, ತಳದ ನೀರು ಹೆಚ್ಚಾಗಿದೆ ನೋಡಿ, ಇವರು ನೀರು ಬೆರೆಸುತ್ತಾರೆ ಎಂದು ಕೂಗಿದ. ಅದಕ್ಕೆ ನನ್ನ ಬಳಿ ಉತ್ತರವಿತ್ತು. ಗಾಜಿನ ಜಾಡಿ ತರಿಸಿ, ಪೆಟ್ರೋಲಿನಲ್ಲಿರುವ ಎಥೆನಾಲ್ ನೀರನ್ನು ಕಂಡರೆ ಅದರ ಜೊತೆ ಹೋಗಿ ಕೂಡುತ್ತದೆ, ಅದಕ್ಕೇ ಕೆಳಗಿನ ಪದರ ದಪ್ಪವಾಗುತ್ತದೆ, ಇದು ಕಲಬೆರಕೆಯಲ್ಲ ಎಂದು ಎಲ್ಲರೆದುರು ತೋರಿಸಿದೆ. ಅದು ನಿಜವೇ. ಜನ ಸುಮ್ಮನಾದರು. ಅಲ್ಲಿಗೆ ನಿಲ್ಲಿಸಬೇಕಾಗಿತ್ತು. ನಿಲ್ಲಲಿಲ್ಲ. ಕೋಲು ತರಿಸಿ, ಪೇಸ್ಟ್ ಹಚ್ಚಿ, ಟ್ಯಾಂಕಿಗೆ ಇಳಿಸಿ ಎತ್ತಿದೆ. ಬಣ್ಣ ಕದಲಿರಲಿಲ್ಲ.

“ನೋಡ್ರಿ, ಎಲ್ಲಾರೂ ನೋಡ್ರಿ.”

“ಹಂಗಾದ್ರ ಗಾಡ್ಯಾಗ ನೀರು ಎಲ್ಲಿಂದ ಬಂತ್ರಿ?” ಮಾಸ್ತರ್ ಕೇಳಿದರು. ಜಗಳಕ್ಕಲ್ಲ, ತಿಳಿಯಲೆಂದೇ ಕೇಳಿದರು.

ನಾನು ರಸ್ತೆಯಾಚೆ ನೋಡಿದೆ. ಸಿದ್ಧಾರ್ಥ ಒಂದು ಬೈಕಿನ ಮೇಲೆ ಪೈಪು ಹಿಡಿದು ನಿಂತಿದ್ದ, ಟಾಕಿಯ ಮೇಲೆ ನೀರು ಸಿಡಿಯುತ್ತಿತ್ತು.

“ಅಲ್ಲಿಂದ” ಅಂದೆ. “ತೊಳಿಯೋದೂ ಅಂವನೇ, ನೀರು ಬಂದಾವ ಅನ್ನೋದೂ ಅಂವನೇ, ರಿಪೇರಿ ಮಾಡೋದೂ ಅಂವನೇ.”

ಜನ ನಕ್ಕರು. ಆ ನಗು ನನಗೆ ಚಪ್ಪಾಳೆಯ ಹಾಗೆ ಕೇಳಿಸಿತು. ಗುಂಪು ಹಾಗೆಯೇ ತಿರುಗಿ ರಸ್ತೆ ದಾಟಿ ಅವನ ಶೆಡ್ಡಿನ ಮುಂದೆ ನಿಂತಿತು. ಯಾರೋ ಅವನ ಪೈಪು ಕಿತ್ತು ಎಸೆದರು. ಅವನು ನಮ್ಮ ಪಂಪಿನ ಕಡೆಗೆ ಒಮ್ಮೆ ನೋಡಿದ. ಸಾವ್ಕಾರರು ಅದೇ ಮಧ್ಯಾಹ್ನ ಅವನನ್ನು ಕರೆದು, “ನಾಕ್ ದಿನದಾಗ ಜಾಗಾ ಖಾಲಿ ಮಾಡಪ್ಪ, ನನ್ನ ಪಂಪಿನ ಹೆಸರು ಕೆಡ್ಸಬ್ಯಾಡ” ಎಂದರು. ಅವನು ತಗಡು ಬಿಚ್ಚುವ ಸದ್ದು ನಾಲ್ಕು ದಿನ ಕೇಳಿತು. ನಾಗಮ್ಮಕ್ಕ ಮಾತ್ರ ಆ ದಿನಗಳಲ್ಲಿ ನನ್ನ ಜೊತೆ ಊಟಕ್ಕೆ ಕೂಡಲಿಲ್ಲ.

ಬಸ್ಸಿನ ಓಟ ಸಾಕಾಗಿ ನಾನು ಆಗಷ್ಟೇ ಒಂದು ಹಳೆಯ ಸ್ಕೂಟಿ ತೆಗೆದುಕೊಂಡಿದ್ದೆ. ಪೆಟ್ರೋಲು ನಮ್ಮ ಪಂಪಿನದೇ. ಸಿದ್ಧಾರ್ಥ ಹೋದ ಎರಡನೆಯ ದಿನ ಸಂಜೆ, ಬಂಗ್ಲಾ ಕ್ರಾಸ್ ಹತ್ತಿರ, ಅದು ಕೆಮ್ಮಿತು, ಜಗ್ಗಿತು, ನಿಂತಿತು. ಮಳೆ ಬಿಟ್ಟು ಎಳೆಬಿಸಿಲು ಬಿದ್ದಿತ್ತು. ಸ್ಕೂಟಿಯನ್ನು ಯಾರೂ ತೊಳೆದಿರಲಿಲ್ಲ. ಮಳೆಯಲ್ಲಿ ನೆನೆದಿರಲೂ ಇಲ್ಲ, ಪಂಪಿನ ಮಾಡಿನ ಕೆಳಗೇ ಇಡುತ್ತಿದ್ದೆ. ಅದನ್ನು ದೂಡಿಕೊಂಡು ಅಲ್ಲಿನ ಮೆಕ್ಯಾನಿಕ್ ಹತ್ತಿರ ಹೋದೆ. ಅವನು ಬಾಟಲಿಗೆ ಇಳಿಸಿ ಬೆಳಕಿಗೆ ಹಿಡಿದ. ತಳದಲ್ಲಿ ಬೇರೆಯೇ ಒಂದು ಪದರ ನಿಂತಿತ್ತು. ಅವನ ಕೈಯಿಂದ ಬಾಟಲಿ ಇಸಿದುಕೊಂಡು ನಾನೇ ಇನ್ನೊಮ್ಮೆ ಬೆಳಕಿಗೆ ಹಿಡಿದೆ. ಅವನು, “ಯಾಕ್ರೀ ಅಕ್ಕಾ, ಏನಾಯ್ತು?” ಅಂದ. ಸ್ಕೂಟಿಯನ್ನು ಅಲ್ಲೇ ಬಿಟ್ಟು ಕಲ್ಯಾಣದ ಬಸ್ಸು ಹತ್ತಿದೆ.

ಮರುದಿನ ಎಲ್ಲರಿಗಿಂತ ಮೊದಲು ಪಂಪಿಗೆ ಹೋದೆ. ಅಲಮಾರಿಯಿಂದ ಹೊಸ ಪೊಟ್ಟಣ ತೆಗೆದು, ಒಳಗಿದ್ದ ಮಡಿಸಿದ ಚೀಟಿಯನ್ನು ಮೊದಲ ಸಲ ಓದಿದೆ. ಎಥೆನಾಲ್ ಬೆರೆತ ಪೆಟ್ರೋಲಿನಲ್ಲಿ ನೀರು ಒಂಟಿಯಾಗಿ ನಿಲ್ಲುವುದಿಲ್ಲ, ಎಥೆನಾಲನ್ನು ಎಳೆದುಕೊಂಡು ಎರಡೂ ಕೂಡಿ ತಳಕ್ಕೆ ಇಳಿಯುತ್ತವೆ, ಅದನ್ನು ಹಳೆಯ ಪೇಸ್ಟ್ ಸರಿಯಾಗಿ ತೋರಿಸುವುದಿಲ್ಲ, ಆದ್ದರಿಂದ ಇದನ್ನೇ ಬಳಸಿ ಎಂದಿತ್ತು. ನಾನು ಜನರಿಗೆ ಜಾಡಿಯಲ್ಲಿ ಕುಲುಕಿ ತೋರಿಸಿದ್ದ ಸಂಗತಿಯೇ ಅದು. ನನ್ನ ಕಾಲ ಕೆಳಗಿನ ಟ್ಯಾಂಕಿನಲ್ಲೂ ಅದೇ ಆಗಬಹುದೆಂದು ನನ್ನ ಕೆಮಿಸ್ಟ್ರಿಗೆ ಹೊಳೆದಿರಲಿಲ್ಲ. ಕೋಲಿನ ಒಂದು ಬದಿಗೆ ಹಳೆಯದನ್ನೂ ಇನ್ನೊಂದು ಬದಿಗೆ ಹೊಸದನ್ನೂ ಹಚ್ಚಿ ಇಳಿಸಿದೆ. ಮೇಲೆ ಬಂದಾಗ ಹಳೆಯದು ಹಚ್ಚಿದ ಹಾಗೇ ಇತ್ತು. ಹೊಸದು ನಾಲ್ಕು ಬೆರಳು ಎತ್ತರದವರೆಗೆ ಕೆಂಪಾಗಿತ್ತು.

ನಾಗಮ್ಮಕ್ಕ ಹಿಂದೆ ಬಂದು ನಿಂತಿದ್ದಳು. ಕೋಲು ನೋಡಿದಳು, ನನ್ನ ಮುಖ ನೋಡಿದಳು. “ಆ ಪೋರ ಏನ್ ತಪ್ಪು ಮಾಡಿತ್ತವ್ವಾ?” ಎಂದಳು.

ಸಾವ್ಕಾರರು ಗಾಬರಿಯಾಗಿ ತಕ್ಷಣ ಪೆಟ್ರೋಲು ಮಾರುವುದನ್ನು ನಿಲ್ಲಿಸಿದರು, ಅಷ್ಟು ಅವರ ಬಗ್ಗೆ ಹೇಳಲೇಬೇಕು. ಟ್ಯಾಂಕಿನ ಮುಚ್ಚಳದ ರಬ್ಬರು ಸೀಳಿತ್ತು, ಅಂಗಳದ ನೀರು ಅಲ್ಲಿಂದ ಇಳಿದಿತ್ತು. ರಬ್ಬರು ಬದಲಾಯಿತು, ಟ್ಯಾಂಕು ಖಾಲಿಯಾಯಿತು, ‘ರಿಪೇರಿ ನಡೆದಿದೆ’ ಎಂಬ ಬೋರ್ಡು ಬಂತು. ಸಿದ್ಧಾರ್ಥನ ವಿಷಯ ಎತ್ತಿದೆ.

“ನೋಡವ್ವಾ,” ಅಂದರು, ದನಿ ಮೆತ್ತಗೇ ಇತ್ತು, “ಆಗಿದ್ದು ಆಗಿ ಹೋಯ್ತು. ಈ ಮಾತು ಹೊರಗ ಬಿದ್ರ ನನ್ನ ಲೈಸೆನ್ಸ್ ಹೋಗ್ತದ, ನಿನ್ನ ಕೆಲ್ಸಾನೂ ಹೋಗ್ತದ. ಅಂವಗ ಕೈಯಾಗ ಕಸಬದ, ಎಲ್ಲಿ ಹೋದ್ರೂ ಬದಕ್ತಾನ.”

ನನ್ನ ಮನಸ್ಸು ಇನ್ನೊಂದು ನೆಪವನ್ನೂ ಹುಡುಕಿಕೊಂಡಿತು. ನಿಜ ಹೇಳಿದರೆ ಜನ ಹೊಸ ಪೆಟ್ರೋಲನ್ನೇ ಬೈಯುತ್ತಾರೆ, ಗಾಳಿಗೆ ಒಳ್ಳೆಯದಾಗುವ ಕೆಲಸ ಕೆಡುತ್ತದೆ, ದೊಡ್ಡದಕ್ಕಾಗಿ ಸಣ್ಣದನ್ನು ನುಂಗಬೇಕು ಎಂದು. ಆ ದೊಡ್ಡ ಮಾತಿನ ಮರೆಯಲ್ಲಿ ಎರಡು ದಿನ ಅಡಗಿ ಕೂತೆ. ಮನೆಯಲ್ಲಿ ಇದ್ದರೆ ಪಂಪಿಗೆ ಹೋಗಬೇಕು ಅನ್ನಿಸುವುದು, ಪಂಪಿನಲ್ಲಿದ್ದರೆ ಖಾಲಿ ಶೆಡ್ಡಿನ ಜಾಗ ಕಣ್ಣಿಗೆ ಬಿದ್ದು ಓಡಿಹೋಗಬೇಕು ಅನ್ನಿಸುವುದು. ಮೂರನೆಯ ದಿನ ಕಲ್ಯಾಣದಲ್ಲಿ ಮುಡಬಿಯ ಶೇರ್ ಆಟೋ ಹತ್ತಿದೆ.

ಸಿದ್ಧಾರ್ಥನ ಮನೆ ಹುಡುಕುವುದು ಕಷ್ಟವಾಗಲಿಲ್ಲ, ಹೊರಗೆ ಗೋಡೆಗೆ ಒರಗಿಸಿದ ತಗಡುಗಳೇ ಹೇಳಿದವು. ಅವನ ತಾಯಿ ಸೋಯಾ ಹೊಲದಲ್ಲಿ ಕಳೆ ತೆಗೆದು ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದಳು. ನಾನು ಯಾರೆಂದು ಗೊತ್ತಿಲ್ಲದೆ, “ಒಳಗ ಬರ್ರಿ ಅಕ್ಕಾರೆ, ಕೂಡ್ರಿ” ಎಂದು ಬುದ್ಧ, ಬಾಬಾಸಾಹೇಬರ ಫೋಟೋದ ಕೆಳಗೆ ಚಾಪೆ ಹಾಸಿದಳು. ಕೂಡಲಾಗಲಿಲ್ಲ. ಸಿದ್ಧಾರ್ಥ ಹಿತ್ತಲಿನಿಂದ ಬಂದ. ಅವನ ಕೈಯಲ್ಲಿ ಕುಡಗೋಲು ಇತ್ತು, ಅವನೂ ಕೂಲಿಗೆ ಹೋಗುತ್ತಿದ್ದ. ನಿಂತೇ ಎಲ್ಲ ಹೇಳಿದೆ. ತರಬೇತಿಯಿಂದ ಎದ್ದು ಬಂದದ್ದು, ಅಲಮಾರಿಯ ಪೊಟ್ಟಣ, ಎರಡು ಬದಿಯ ಕೋಲು. ತಪ್ಪಾಯಿತು ಎಂದೆ. ಅವನು ಅಷ್ಟೂ ಕೇಳಿಸಿಕೊಂಡ.

“ಇದನ್ನ ನನಗ ಯಾಕ ಹೇಳಾಕತ್ತೀರಿ ಮೇಡಂ?” ಅಂದ. “ನಾ ನೀರ ಹಾಕಿಲ್ಲ ಅಂತ ನನಗ ಮದಲೇ ಗೊತ್ತಿತ್ತಲ್ರಿ. ಗೊತ್ತಿಲ್ದವ್ರಿಗೆ ಹೇಳ್ರಿ.”

ಅವನ ತಾಯಿ ಚಹಾ ತಂದಳು. ಕುಡಿದೆ. ಅಷ್ಟು ಕಷ್ಟಪಟ್ಟು ನಾನು ಇನ್ನಾವ ಚಹಾವನ್ನೂ ಕುಡಿದಿಲ್ಲ.

ಟ್ಯಾಂಕು ತುಂಬಿ ಪಂಪು ಮತ್ತೆ ತೆರೆದ ದಿನ ಬೆಳಿಗ್ಗೆ, ಗಿರಾಕಿಗಳ ಸಾಲು ನೋಡಿ ಅಂಗಳಕ್ಕೆ ಇಳಿದೆ. ಹಿಂದಿನ ಸಲ ನಿಂತಿದ್ದ ಜಾಗದಲ್ಲೇ ನಿಂತೆ. ನೀರು ಇದ್ದದ್ದು ನಮ್ಮ ಟ್ಯಾಂಕಿನಲ್ಲಿ, ಪೆಟ್ರೋಲಿನ ದೋಷವಲ್ಲ, ತಪ್ಪು ಪೇಸ್ಟ್ ಹಚ್ಚಿ ನೋಡಿದವಳು ನಾನು, ಸಿದ್ಧಾರ್ಥ ಹೇಳಿದ್ದು ಖರೇ ಇತ್ತು ಎಂದು ಜೋರಾಗಿ ಹೇಳಿದೆ. ಈ ಸಲ ಯಾರೂ ನಗಲಿಲ್ಲ. ಕೆಲವರು, “ನಾವು ಅವತ್ತೇ ಅಂದಿದ್ವಿ, ಈ ಕಬ್ಬಿನ ಪೆಟ್ರೋಲೇ ಛಲೋ ಇಲ್ಲ” ಎಂದು ತಮಗೆ ಬೇಕಾದ್ದನ್ನು ಕೇಳಿಸಿಕೊಂಡರು. ಒಬ್ಬ, “ಜಲ್ದಿ ಹಾಕ್ರಿ, ಬಸ್ ಸ್ಟ್ಯಾಂಡಿಗೆ ಹೋಗ್ಬೇಕು” ಅಂದ. ಸಾವ್ಕಾರರು ಕಚೇರಿಯ ಬಾಗಿಲು ಒಳಗಿನಿಂದ ಎಳೆದುಕೊಂಡರು. ಸಂಜೆ ಅದೇ ಮೆತ್ತನೆಯ ದನಿಯಲ್ಲಿ, “ನಾಳಿಂದ ಬರಬ್ಯಾಡವ್ವಾ” ಎಂದರು. ನಾಗಮ್ಮಕ್ಕ ಗೇಟಿನತನಕ ಬಂದು ಬೀಳ್ಕೊಟ್ಟಳು.

ಅಂದು ಅಂಗಳದಲ್ಲಿ ಇದ್ದವರು ಹನ್ನೊಂದು ಜನ, ಎಣಿಸಿದ್ದೆ. ಹಿಂದಿನ ಸಲದ ಮೂವತ್ತು ನಲವತ್ತು ಮಂದಿಯಲ್ಲಿ ಅವರೊಳಗೆ ಇದ್ದವರು ಇಬ್ಬರೋ ಮೂವರೋ. ಉಳಿದವರು ಎಲ್ಲೆಲ್ಲಿಗೋ ಹೋಗಿದ್ದರು, ನಾನು ಹೇಳಿದ ಸುಳ್ಳನ್ನು ತಲೆಯಲ್ಲಿಟ್ಟುಕೊಂಡು. ಮಾಸ್ತರರ ಶಾಲೆಗೆ ಹೋಗಿ ಹೇಳಿ ಬಂದೆ. ಮುಖ ನೆನಪಿದ್ದ ಕೆಲವರನ್ನು ಸಂತೆಯಲ್ಲಿ, ಬಸ್ಸಿನಲ್ಲಿ ಹಿಡಿದು ಹೇಳಿದೆ. ಅಪ್ಪ, “ಸಾಕು ಬಿಡವ್ವಾ, ಮಂದಿ ಮರ್ತಾರ” ಅಂದ. ಸಿದ್ಧಾರ್ಥನಿಗೆ ಸಾವ್ಕಾರರು ಜಾಗ ವಾಪಸು ಕೊಡಲಿಲ್ಲ. ಅವನೀಗ ಕಲ್ಯಾಣದಲ್ಲಿ ಇನ್ನೊಬ್ಬರ ಗ್ಯಾರೇಜಿನಲ್ಲಿ ದುಡಿಯುತ್ತಾನೆ. ಎದುರು ಸಿಕ್ಕರೆ ತಲೆಯಾಡಿಸಿ ಮುಂದೆ ಹೋಗುತ್ತಾನೆ.

ಕುಬಸ ಮುಗಿಸಿ ಬಂದ ವಾರದಲ್ಲಿ ಜೋಳ ಬೀಸಿಸಲು ಗಿರಣಿಗೆ ಹೋಗಿದ್ದೆ. ಸಾಲಿನಲ್ಲಿ ನನ್ನ ಮುಂದಿದ್ದ ಮನುಷ್ಯ ಎರಡು ಸಲ ತಿರುಗಿ ನೋಡಿದ.

“ನೀವು ಹುಮನಾಬಾದ್ ಪಂಪಿನ ಮೇಡಂ ಅಲ್ಲೇನ್ರಿ? ಅವತ್ತು ನಾನೂ ಇದ್ದೆ ನೋಡ್ರಿ. ಜಾಡ್ಯಾಗ ಹಾಕಿ ಭಾರಿ ತಿಳಿಸಿ ಹೇಳಿದ್ರಿ ಬಿಡ್ರಿ. ನಾನಂತೂ ನಮ್ಮ ಊರಾಗ ಎಲ್ಲಾರಿಗೂ ಹೇಳ್ಕೊಂಡು ಬಂದೆ.” ಅವನು ಖುಷಿಯಿಂದ ನಕ್ಕ. “ಆ ನೀರ ಹಾಕೋ ಮೆಕ್ಯಾನಿಕ್, ಆ ಕಳ್ಳ ನನ್ಮಗ ಎಲ್ಲಿ ಹ್ವಾದ್ನ್ರಿ ಆಮ್ಯಾಲ?”

ಅವನ ಜೋಳ ಬೀಸಿ ಮುಗಿಸಿದ ಗಿರಣಿಯವನು ನನ್ನ ಡಬ್ಬಿಗೆ ಕೈ ಚಾಚಿದ. ಹಿಂದಿನವರದು ಮೊದಲು ಹಾಕಿ ಎಂದು ಪಕ್ಕಕ್ಕೆ ಸರಿದು, ಆ ಮನುಷ್ಯನಿಗೆ ಕಟ್ಟೆ ತೋರಿಸಿದೆ.

“ಕೂಡ್ರಿ ಅಣ್ಣಾರೆ. ಅಂವಾ ನೀರ ಹಾಕಿರಲಿಲ್ಲ. ಸುಳ್ಳು ಹೇಳಿದ್ದು ನಾನು.”